ಟಚ್‌ಸ್ಕ್ರೀನ್ ರೇಡಿಯೊ ತೆಗೆದುಕೊಂಡಿದ್ದೇನೆ, ವಿಮಾನ ಮೇಲಿರುವಾಗ ಪರದೆಯನ್ನು ಏನು ಮಾಡುವುದು?

ಪ್ರಶ್ನೆ ಉದ್ದ ಇತ್ತು, ಓದುವವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ನೀವು ಉಡುಪಿಯವರು. 1.2 ಮೀಟರ್ ರೆಕ್ಕೆಯ ನಾಲ್ಕು ಚಾನೆಲ್ ಫೋಮ್ ಟ್ರೇನರ್ ಉಂಟು, ಅಂದರೆ ಕಲಿಯುವವರು ರಿಮೋಟ್‌ನಲ್ಲಿ ಹಾರಿಸುವ ಮಾದರಿ ವಿಮಾನ. ಹಳೆಯ ಗುಂಡಿಗಳ ರೇಡಿಯೊ (ಕೈಯಲ್ಲಿ ಹಿಡಿಯುವ ರಿಮೋಟ್) ಬಿಟ್ಟು ರೇಡಿಯೋಮಾಸ್ಟರ್ ಟಿಎಕ್ಸ್16ಎಸ್ ತೆಗೆದುಕೊಂಡಿದ್ದೀರಿ, ವಿಮಾನಕ್ಕೆ ಸಿಗ್ನಲ್ ಕಳಿಸುವ ಇಎಲ್‌ಆರ್‌ಎಸ್ 2.4 ಗಿಗಾಹರ್ಟ್ಸ್ ಪದ್ಧತಿ ಒಳಗೇ ಇರುವಂಥದ್ದು. ಹಾರಿಸುವಾಗ ಬೆರಳು ತಾಗಿ ಪುಟ ಬದಲಾಗುತ್ತದೆ, ಬಿಸಿಲಲ್ಲಿ ಅಕ್ಷರ ಕಾಣುವುದಿಲ್ಲ, ಟೈಮರ್ ನೋಡಲು ತಲೆ ತಗ್ಗಿಸಿ ಎತ್ತುವಷ್ಟರಲ್ಲಿ ವಿಮಾನ ಎಲ್ಲಿಗೋ ಹೋಗಿರುತ್ತದೆ. ತೆಗೆದುಕೊಂಡದ್ದೇ ತಪ್ಪಾಯಿತೇ ಎಂದು ಕೇಳಿದ್ದೀರಿ.

ತಪ್ಪಾಗಿಲ್ಲ, ಒಳ್ಳೆಯ ರೇಡಿಯೊ. ಆದರೆ ಆ ಪರದೆ ಇರುವುದು ನೆಲದ ಮೇಲಿನ ಕೆಲಸಕ್ಕೆ. ಟ್ರೇನರ್ ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಸೆಕೆಂಡಿಗೆ ಹನ್ನೆರಡೂವರೆ ಮೀಟರ್ ಆಯಿತು. ಎರಡು ಸೆಕೆಂಡು ಪರದೆ ನೋಡಿದರೆ 25 ಮೀಟರ್ ನಿಮ್ಮ ಕಣ್ಣು ತಪ್ಪಿಸಿ ಹೋಯಿತು. ಆ ದೂರದಲ್ಲಿ ತೆಂಗಿನ ಮರ ಇಲ್ಲದ ಗದ್ದೆ ನಮ್ಮ ಕಡೆ ಎಷ್ಟು ಉಂಟು ಹೇಳಿ. ಹಾಗಾಗಿ ಮೇಲಿರುವಾಗ ಬೇಕಾದದ್ದೆಲ್ಲ ಬೆರಳಿಗೆ ಸ್ವಿಚ್ಚಿನಲ್ಲಿ ಸಿಗಬೇಕು, ಕಿವಿಗೆ ಧ್ವನಿಯಲ್ಲಿ ಬರಬೇಕು. ಸೆಟಪ್ಪನ್ನು ಹಾಗೆ ಮಾಡಿಕೊಂಡರೆ ನಿಮ್ಮ ಮೂರು ತೊಂದರೆಗಳೂ ಹೋಗುತ್ತವೆ.

ಮೊದಲು ಟಚ್ ಬಂದ್ ಮಾಡುವುದು. ರೇಡಿಯೊ ಒಳಗಿನ ಸಾಫ್ಟ್‌ವೇರ್ ಎಡ್ಜ್‌ಟಿಎಕ್ಸ್‌ನಲ್ಲಿ ಸ್ಪೆಷಲ್ ಫಂಕ್ಷನ್ಸ್ ಪುಟಕ್ಕೆ ಹೋದರೆ ಫಂಕ್ಷನ್ ಪಟ್ಟಿಯಲ್ಲಿ 'ಡಿಸೇಬಲ್ ಟಚ್' ಎಂದು ಸಿಗುತ್ತದೆ. ಸಿಗದಿದ್ದರೆ ಫರ್ಮ್‌ವೇರ್ ಹಳೆಯದು, ಅಪ್‌ಡೇಟ್ ಮಾಡಿ. ಇದಕ್ಕೆ ಬೇರೆ ಸ್ವಿಚ್ ಕೊಡಬೇಡಿ, ಥ್ರಾಟಲ್ ಕಟ್ ಮಾಡುವ, ಅಂದರೆ ಮೋಟರ್ ತಿರುಗದಂತೆ ತಡೆಯುವ ಸ್ವಿಚ್ಚಿಗೇ ಕಟ್ಟಿ. ಬೇರೆ ಸ್ವಿಚ್ ಇದ್ದರೆ ಒಂದು ದಿನ ಮರೆತೇ ಮರೆಯುತ್ತೀರಿ, ಮೋಟರ್ ಸ್ವಿಚ್ ಮರೆತರೆ ವಿಮಾನ ಏಳುವುದೇ ಇಲ್ಲ.

ಎರಡೇ ಸ್ಥಾನ ಇರುವ ಎಸ್‌ಎಫ್ ಸ್ವಿಚ್ ಇದಕ್ಕೆ ಸರಿ, ನಡುವಿನ ಸ್ಥಾನದ ಗೊಂದಲ ಇಲ್ಲ. ಎರಡು ಸಾಲು ಬರೆಯಿರಿ. ಒಂದನೆಯದು: ಎಸ್‌ಎಫ್ ಮೇಲೆ ಇದ್ದಾಗ 'ಓವರ್‌ರೈಡ್', ಚಾನೆಲ್ 3 (ಥ್ರಾಟಲ್), ಮೌಲ್ಯ ಮೈನಸ್ 100. ಎರಡನೆಯದು: ಎಸ್‌ಎಫ್ ಕೆಳಗೆ ಇದ್ದಾಗ 'ಡಿಸೇಬಲ್ ಟಚ್'. ಎರಡರಲ್ಲೂ ಕೊನೆಯ ಎನೇಬಲ್ ಚೌಕದಲ್ಲಿ ಗುರುತು ಹಾಕಬೇಕು. ಅದನ್ನು ಬಿಟ್ಟರೆ ಸಾಲು ಬರೆದಿದ್ದರೂ ಕೆಲಸ ಮಾಡುವುದಿಲ್ಲ. ಥ್ರಾಟಲ್ ಕಟ್ ಉಂಟೆಂದು ನಂಬಿ ಪ್ರೊಪೆಲ್ಲರ್ ಹತ್ತಿರ ಕೈ ಹಾಕುವವರ ಬೆರಳು ಹೋಗುವುದು ಇಂಥ ಕಡೆಯೇ. ಈಗ ಮೋಟರ್‌ಗೆ ಜೀವ ಇದ್ದಾಗ ಪರದೆಗೆ ಜೀವ ಇಲ್ಲ, ಮೋಟರ್ ಸತ್ತಾಗ ಪರದೆ ಏಳುತ್ತದೆ. ಪಕ್ಕದ ಗುಂಡಿಗಳೂ ಉರುಳೆಯೂ ಟಚ್ ಬಂದ್ ಇದ್ದಾಗಲೂ ಕೆಲಸ ಮಾಡುತ್ತವೆ, ಆದ್ದರಿಂದ ಸಿಕ್ಕಿಹಾಕಿಕೊಳ್ಳುವ ಭಯ ಬೇಡ.

ಕೈಯಿಂದ ಎಸೆದು ಹಾರಿಸುವವರಿಗೆ ಇದು ಇನ್ನೂ ಮುಖ್ಯ. ಥ್ರಾಟಲ್ ಎಡ ಸ್ಟಿಕ್ಕಿನಲ್ಲಿರುವ ಮೋಡ್ 2ರಲ್ಲಿ ಬಲಗೈಯಲ್ಲಿ ವಿಮಾನ, ಎಡಗೈ ಒಂದರಲ್ಲೇ ರೇಡಿಯೊದ ಪೂರ್ತಿ ಭಾರ, ಎಡ ಹೆಬ್ಬೆರಳು ಥ್ರಾಟಲ್ ಮೇಲೆ. ಎಸೆಯುವ ಕ್ಷಣದಲ್ಲಿ ಹಿಡಿತ ಬಿಗಿಯಾಗಿ ಅಂಗೈಯ ಬುಡ ಕೆಳಕ್ಕೆ ಜಾರಿ ಪರದೆಯ ಅಂಚಿಗೆ ತಾಗುತ್ತದೆ. ನಿಮ್ಮ ಪುಟ ಬದಲಾಗುವುದು ಹೆಚ್ಚಾಗಿ ಅಲ್ಲೇ ಇರಬೇಕು.

ಇನ್ನು ರೇಟ್ (ಸ್ಟಿಕ್ ಪೂರ್ತಿ ಒತ್ತಿದಾಗ ಎಷ್ಟು ಅಲುಗಬೇಕು, ಇಲ್ಲಿ ಇದರ ಹೆಸರು ವೇಟ್) ಮತ್ತು ಎಕ್ಸ್‌ಪೋ (ಸ್ಟಿಕ್ಕಿನ ನಡುವಿನಲ್ಲಿ ಎಷ್ಟು ಮೃದು ಇರಬೇಕು). ಹಳೆಯ ರೇಡಿಯೊದಿಂದ ಬಂದವರು ಎಡವುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ಓದಿ. ಇನ್‌ಪುಟ್ಸ್ ಪುಟದಲ್ಲಿ ಏಲರಾನ್‌ಗೆ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಲಗೆ) ಎಷ್ಟು ಸಾಲು ಬೇಕಾದರೂ ಬರೆಯಬಹುದು. ಮೇಲಿನಿಂದ ನೋಡುತ್ತಾ ಬಂದು, ಯಾವ ಸಾಲಿನ ಸ್ವಿಚ್ ಮೊದಲು ಹೊಂದುತ್ತದೋ ಆ ಒಂದೇ ಸಾಲನ್ನು ರೇಡಿಯೊ ತೆಗೆದುಕೊಳ್ಳುತ್ತದೆ. ಯಾವ ಸಾಲೂ ಹೊಂದದಿದ್ದರೆ ಸೊನ್ನೆ ಕಳಿಸುತ್ತದೆ. ಮೂರು ಸ್ಥಾನದ ಎಸ್‌ಸಿ ಸ್ವಿಚ್ಚಿಗೆ ಮೇಲೆ ಮತ್ತು ಕೆಳಗೆ ಎಂದು ಎರಡೇ ಸಾಲು ಬರೆದು ಬಿಟ್ಟರೆ, ನಡುವಿನ ಸ್ಥಾನಕ್ಕೆ ಬಂದ ಕೂಡಲೇ ಏಲರಾನ್ ನೆಟ್ಟಗೆ ನಿಂತುಬಿಡುತ್ತದೆ. ಸ್ಟಿಕ್ ಎಷ್ಟು ಒತ್ತಿದರೂ ಅಲುಗುವುದಿಲ್ಲ. ಪೈಲಟ್ ಸಿಗ್ನಲ್ ಹೋಯಿತು ಎಂದುಕೊಳ್ಳುತ್ತಾನೆ, ಸಿಗ್ನಲ್‌ಗೆ ಏನೂ ಆಗಿರುವುದಿಲ್ಲ.

ಅದಕ್ಕೆ ಕೊನೆಯ ಸಾಲಿಗೆ ಸ್ವಿಚ್ಚೇ ಕೊಡಬೇಡಿ. ನಿಮ್ಮ ಟ್ರೇನರ್‌ಗೆ ಹೀಗೆ ಇಡಿ: ಮೊದಲ ಸಾಲು, ಎಸ್‌ಸಿ ಕೆಳಗೆ, ವೇಟ್ 100, ಎಕ್ಸ್‌ಪೋ 40. ಎರಡನೆಯದು, ಎಸ್‌ಸಿ ಮೇಲೆ, ವೇಟ್ 60, ಎಕ್ಸ್‌ಪೋ 20. ಮೂರನೆಯದು ಸ್ವಿಚ್ ಇಲ್ಲದೆ, ವೇಟ್ 80, ಎಕ್ಸ್‌ಪೋ 30. ಎಲಿವೇಟರ್‌ಗೂ (ಮೂಗು ಏರಿಸಿ ಇಳಿಸುವ ಬಾಲದ ಹಲಗೆ) ಇದೇ, ರಡ್ಡರ್‌ಗೆ (ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಹಲಗೆ) ಒಂದೇ ಸಾಲು, ವೇಟ್ 100 ಸಾಕು. ಎಡ್ಜ್‌ಟಿಎಕ್ಸ್‌ನಲ್ಲಿ ಎಕ್ಸ್‌ಪೋ ಪ್ಲಸ್ ಇದ್ದರೆ ನಡುವಿನಲ್ಲಿ ಮೃದು. ಮೈನಸ್ ಹಾಕಿದರೆ ನಡುವೆಯೇ ಚುರುಕಾಗಿ ವಿಮಾನ ಜಿಗಿಯುತ್ತದೆ. ಬರೆದಾದ ಮೇಲೆ ಮೂರೂ ಸ್ಥಾನದಲ್ಲಿ ಸ್ಟಿಕ್ ಆಡಿಸಿ ಏಲರಾನ್ ನೋಡಿ.

ದಿಕ್ಕು ತಿರುಗಿಸುವುದು ಔಟ್‌ಪುಟ್ಸ್ ಪುಟದಲ್ಲಿ, ಇನ್‌ಪುಟ್ಸ್‌ನಲ್ಲಿ ಅಲ್ಲ. ವಿಮಾನದ ಬಾಲದ ಹಿಂದೆ ನಿಂತು ನೋಡಬೇಕು: ಸ್ಟಿಕ್ ಬಲಕ್ಕೆ ಒತ್ತಿದರೆ ಬಲ ಏಲರಾನ್ ಮೇಲೆ, ಸ್ಟಿಕ್ ನಿಮ್ಮ ಕಡೆ ಎಳೆದರೆ ಎಲಿವೇಟರ್ ಮೇಲೆ, ರಡ್ಡರ್ ಬಲಕ್ಕೆ ಕೊಟ್ಟರೆ ಬಲಕ್ಕೆ. ಮೂಗಿನ ಚಕ್ರವೂ ರಡ್ಡರ್ ಜೊತೆ ಬಲಕ್ಕೇ ತಿರುಗಬೇಕು.

5ನೇ ಚಾನೆಲ್ ವಿಷಯ ಒಂದು ಉಂಟು. ಇಎಲ್‌ಆರ್‌ಎಸ್‌ನಲ್ಲಿ ಅದು ಆರ್ಮ್ ಮಾಡುವ, ಅಂದರೆ ಮೋಟರ್ ಓಡಲು ಸಿದ್ಧ ಎಂದು ತಿಳಿಸುವ ಚಾನೆಲ್, ಸಾಮಾನ್ಯ ಮೋಡ್‌ನಲ್ಲಿ ಎರಡೇ ಸ್ಥಾನ ಕಳಿಸುತ್ತದೆ. ಅಲ್ಲಿ ಫ್ಲ್ಯಾಪ್ (ನಿಧಾನವಾಗಿ ಇಳಿಯಲು ಬಗ್ಗಿಸುವ ರೆಕ್ಕೆಯ ಹಲಗೆ) ಅಲುಗಿಸುವ ಸರ್ವೊ ಹಾಕಿದರೆ ನಡುವಿನ ಸ್ಥಾನ ಬರುವುದೇ ಇಲ್ಲ. ಮಿಕ್ಸಸ್‌ನಲ್ಲಿ ಚಾನೆಲ್ 5ಕ್ಕೆ ಎಸ್‌ಎಫ್ ಕೊಡಿ, ಮುಂದೆ ಫ್ಲ್ಯಾಪ್ ಬಂದರೆ 6ಕ್ಕೆ ಹಾಕಿ.

ಈಗ ಕಿವಿಯ ಕೆಲಸ. ಮಾಡೆಲ್ ಸೆಟಪ್‌ನಲ್ಲಿ ಟೈಮರ್ 1 ತೆಗೆದು ಥ್ರಾಟಲ್ ಏರಿದಾಗ ಮಾತ್ರ ಓಡುವ ಮೋಡ್ ಆರಿಸಿ, 6 ನಿಮಿಷ ಇಟ್ಟು, ಪ್ರತಿ ನಿಮಿಷವೂ ಕೊನೆಯ ಎಣಿಕೆಯೂ ಧ್ವನಿಯಲ್ಲಿ ಬರುವಂತೆ ಮಾಡಿ. 6 ನಿಮಿಷವೇ ಯಾಕೆ? ಮೊದಲ ಹಾರಾಟಕ್ಕೆ ಒಂದು ಊಹೆ ಅಷ್ಟೆ, ನಿಜವಾದ ಲೆಕ್ಕ ಚಾರ್ಜರ್ ಹೇಳುತ್ತದೆ. 2200 ಎಂಎಎಚ್‌ನ ಮೂರು ಸೆಲ್ ಲೈಪೊಗೆ 6 ನಿಮಿಷದ ಹಾರಾಟದ ನಂತರ 1100 ಎಂಎಎಚ್ ವಾಪಸು ತುಂಬಿತು ಎನ್ನಿ. ನಿಮಿಷಕ್ಕೆ ಸುಮಾರು 183. ಬ್ಯಾಟರಿಯ ಶೇಕಡಾ 80 ಮಾತ್ರ ಬಳಸಬೇಕು, ಅಂದರೆ 1760. ಭಾಗಿಸಿದರೆ 9.6 ನಿಮಿಷ, ಟೈಮರ್ 9ಕ್ಕೆ ಇಡಿ. ಇಳಿಸಿ ಸ್ವಲ್ಪ ಹೊತ್ತು ಬಿಟ್ಟು ಅಳೆದಾಗ ಸೆಲ್‌ಗೆ 3.7 ವೋಲ್ಟ್‌ಗಿಂತ ಕೆಳಗಿದ್ದರೆ ಒಂದು ನಿಮಿಷ ಕಡಿಮೆ ಮಾಡಿ.

ಟೆಲಿಮೆಟ್ರಿಯಲ್ಲಿ, ಅಂದರೆ ವಿಮಾನ ರೇಡಿಯೊಗೆ ವಾಪಸು ಕಳಿಸುವ ಮಾಹಿತಿಯಲ್ಲಿ, ಆರ್‌ಎಕ್ಸ್‌ಬಿಟಿ ಎಂದು ವೋಲ್ಟೇಜ್ ಬರುತ್ತದೆ. ಸರ್ವೊಗಳನ್ನು ನೇರ ಜೋಡಿಸುವ ಸಾಮಾನ್ಯ ಪಿಡಬ್ಲ್ಯುಎಂ ರಿಸೀವರ್‌ನಲ್ಲಿ ಬೇರೆ ತಂತಿ ಎಳೆಯದಿದ್ದರೆ ಅದು ಇಎಸ್‌ಸಿಯಿಂದ (ಮೋಟರ್ ವೇಗ ನಿಯಂತ್ರಿಸುವ ಘಟಕ) ಬರುವ 5 ವೋಲ್ಟ್, ಹಾರಾಟದ ಬ್ಯಾಟರಿ ಅಲ್ಲ. ಅದು ಅಲುಗದೆ ನಿಂತಿದೆ ಎಂದು ಬ್ಯಾಟರಿ ಚೆನ್ನಾಗಿದೆ ಎಂದು ತಿಳಿಯಬೇಡಿ. ಉಪಯೋಗದ್ದು ಆರ್‌ಕ್ಯೂಎಲ್‌ವೈ, ಲಿಂಕ್ ಕ್ವಾಲಿಟಿ. ಷರತ್ತು ಹೊಂದಿದಾಗ ತಾನಾಗಿ ಆನ್ ಆಗುವ ಲಾಜಿಕಲ್ ಸ್ವಿಚ್ ಎಲ್1 ಮಾಡಿ: ಆರ್‌ಕ್ಯೂಎಲ್‌ವೈ 70ಕ್ಕಿಂತ ಕಡಿಮೆ. ಸ್ಪೆಷಲ್ ಫಂಕ್ಷನ್‌ನಲ್ಲಿ ಎಲ್1 ಬಂದಾಗ ಆ ಅಂಕಿಯನ್ನು ಓದಿ ಹೇಳುವಂತೆ ಮಾಡಿ. ಕೇಳಿದ ಕೂಡಲೇ ವಿಮಾನ ತಿರುಗಿಸಿ ನಿಮ್ಮ ಕಡೆ ತನ್ನಿ. ಎಸ್‌ಎಚ್ ಸ್ವಿಚ್ ಒತ್ತಿದರೆ ಉಳಿದ ಸಮಯ ಹೇಳುವಂತೆ ಇನ್ನೊಂದು ಸಾಲು ಬರೆದರೆ ಪರದೆ ನೋಡುವ ಕಾರಣವೇ ಉಳಿಯುವುದಿಲ್ಲ. ಪ್ಯಾಕೆಟ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಸಿಗ್ನಲ್ ಕಳಿಸಬೇಕು) 150 ಹರ್ಟ್ಸ್, ಪವರ್ 100 ಮಿಲಿವಾಟ್ ಕಣ್ಣಳತೆಯ ಹಾರಾಟಕ್ಕೆ ಧಾರಾಳ.

ಬೈಂಡ್ (ರೇಡಿಯೊವನ್ನೂ ರಿಸೀವರನ್ನೂ ಜೋಡಿ ಮಾಡುವುದು) ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಟ್ರಾನ್ಸ್‌ಮಿಟರ್ ಮತ್ತು ರಿಸೀವರ್ ಎರಡರ ಇಎಲ್‌ಆರ್‌ಎಸ್ ಆವೃತ್ತಿಯ ಮೊದಲ ಅಂಕಿ ಒಂದೇ ಇರಬೇಕು, 2 ಮತ್ತು 3 ಪರಸ್ಪರ ಮಾತಾಡುವುದಿಲ್ಲ. ಯಾವಾಗಲೂ ರೇಡಿಯೊ ಮೊದಲು ಆನ್, ವಿಮಾನ ಆಮೇಲೆ. ರಿಸೀವರ್‌ಗೆ ಸುಮಾರು ಒಂದು ನಿಮಿಷ ಸಿಗ್ನಲ್ ಸಿಗದಿದ್ದರೆ ಅದು ವೈಫೈಗೆ ಹೋಗಿ ಕೂತುಬಿಡುತ್ತದೆ, ಆಮೇಲೆ ರೇಡಿಯೊ ಆನ್ ಮಾಡಿದರೂ ಸಿಗುವುದಿಲ್ಲ. ಬ್ಯಾಟರಿ ತೆಗೆದು ಮತ್ತೆ ಹಾಕಿದರೆ ಸರಿ.

ಫೇಲ್‌ಸೇಫನ್ನು, ಅಂದರೆ ಸಿಗ್ನಲ್ ಹೋದಾಗ ಮೋಟರ್ ನಿಲ್ಲಿಸುವ ಏರ್ಪಾಡನ್ನು, ಪರದೆ ನೋಡಿ ನಂಬಬಾರದು, ಮಾಡಿಯೇ ನೋಡಬೇಕು. ಪ್ರೊಪೆಲ್ಲರ್ ಬಿಚ್ಚಿ, ಥ್ರಾಟಲ್ ಕಾಲು ಭಾಗ ಏರಿಸಿ, ರೇಡಿಯೊ ಆಫ್ ಮಾಡಿ. ಮೋಟರ್ ಒಂದೆರಡು ಸೆಕೆಂಡಿನಲ್ಲಿ ನಿಲ್ಲಲೇಬೇಕು. ತಿರುಗುತ್ತಲೇ ಇದ್ದರೆ ರಿಸೀವರ್ 'ಕೊನೆಯ ಸ್ಥಾನ ಹಿಡಿದುಕೋ' ಎಂಬಲ್ಲಿ ಉಂಟು. ರಿಸೀವರ್‌ನ ವೈಫೈ ಪುಟದಲ್ಲಿ 3ನೇ ಚಾನೆಲ್‌ಗೆ 988 ಇಡಿ, ಅದು ಥ್ರಾಟಲ್ ಪೂರ್ತಿ ಇಳಿಸಿದ ಅಂಕಿ.

ಇನ್ನು ಬಿಸಿಲು ಮತ್ತು ಬೆವರು. ಕಪ್ಪು ಹಿನ್ನೆಲೆಯ ಥೀಮ್ ಮನೆಯೊಳಗೆ ಚಂದ, ಪದವಿನ (ಗುಡ್ಡದ ಮೇಲಿನ ಬಯಲು) ಮೇಲೆ ಅದು ಬರೀ ಕನ್ನಡಿ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರದ ಥೀಮ್ ಹಾಕಿ ಬ್ರೈಟ್‌ನೆಸ್ 100 ಮಾಡಿ. ಮುಖಪುಟದಲ್ಲಿ ಟೈಮರ್, ಲಿಂಕ್, ರೇಡಿಯೊ ಬ್ಯಾಟರಿ ಈ ಮೂರೇ ದೊಡ್ಡ ವಿಜೆಟ್ ಸಾಕು. ಪೋಲರೈಸ್ಡ್ ಕನ್ನಡಕ ಹಾಕುವವರಾದರೆ ರೇಡಿಯೊವನ್ನು ಕೈಯಲ್ಲಿ ಓರೆ ಮಾಡಿ ನೋಡಿ. ಒಂದು ಕೋನದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ, ರೇಡಿಯೊ ಸತ್ತಿತು ಎಂದು ಗಾಬರಿ ಬೀಳುವುದು ಬೇಡ. ನೆಲದಲ್ಲಿ ಓದಬೇಕಾದರೆ ಎದೆಗೆ ಹತ್ತಿರ ಹಿಡಿದು ನಿಮ್ಮದೇ ನೆರಳು ಬೀಳಿಸಿಕೊಳ್ಳಿ.

ಈ ಪರದೆ ಒತ್ತಡದಿಂದಲ್ಲ, ಚರ್ಮದ ವಿದ್ಯುತ್ ಗುಣದಿಂದ ಬೆರಳನ್ನು ಗುರುತಿಸುವುದು. ಬೆವರಿನಲ್ಲೂ ಉಪ್ಪು, ಕಡಲ ಗಾಳಿಯಲ್ಲೂ ಉಪ್ಪು. ಉಪ್ಪುನೀರಿನ ಹನಿ ಬಿದ್ದರೆ ಅದನ್ನೂ ಬೆರಳೆಂದು ತಿಳಿಯುತ್ತದೆ. ಏಪ್ರಿಲ್-ಮೇ ಸೆಕೆಯಲ್ಲಿ ಹಣೆಯಿಂದ ತೊಟ್ಟಿಕ್ಕಿದ ಒಂದು ಹನಿ ಸಾಕು, ಮೆನು ತಾನಾಗಿ ತೆರೆದುಕೊಳ್ಳಲು. ಕುತ್ತಿಗೆ ಪಟ್ಟಿಗೆ ಒಣ ಮೈಕ್ರೋಫೈಬರ್ ಬಟ್ಟೆ ಒಂದು ಕಟ್ಟಿಕೊಳ್ಳಿ. ಮ್ಯಾಟ್ ಫಿಲ್ಮ್ ಅಂಟಿಸಿದರೆ ಪ್ರತಿಫಲನ ಕಡಿಮೆಯಾಗುತ್ತದೆ. ಎಸಿ ಕಾರಿನಿಂದ ತೆಗೆದ ಕೂಡಲೇ ಪೆಟ್ಟಿಗೆ ತೆರೆಯಬೇಡಿ, ಒಳಗೂ ಹೊರಗೂ ಮಂಜು ಕೂರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲೇ ಕಾಲು ಗಂಟೆ ಇರಲಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಮಳೆಗಾಲದಲ್ಲಂತೂ ಬೇಕೇ ಬೇಕು. ಮನೆಗೆ ಬಂದು ಪರದೆಯನ್ನೂ ಸ್ವಿಚ್ ಬುಡವನ್ನೂ ಸ್ವಲ್ಪವೇ ತೇವ ಮಾಡಿದ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಮತ್ತೆ ಒರೆಸಿ.

ಮಲ್ಪೆ, ಕಾಪು ಬೀಚು ನೋಡಲು ವಿಶಾಲ, ಆದರೆ ನಾನು ಅಲ್ಲಿ ಹಾರಿಸಿ ಎನ್ನುವುದಿಲ್ಲ. ಜನ ಒಂದು ಕಾರಣ, ಸ್ಟಿಕ್ಕಿನ ಬುಡದ ಗಿಂಬಲ್‌ಗೆ ಹೋಗುವ ಮರಳು ಇನ್ನೊಂದು. ಕೊಯ್ಲು ಮುಗಿದ ಗದ್ದೆ ಅಥವಾ ಮುರಕಲ್ಲಿನ ಪದವು ಒಳ್ಳೆಯದು, ಜಾಗದವರ ಒಪ್ಪಿಗೆ ಕೇಳಿ. ಬೆಳಿಗ್ಗೆ 7ರಿಂದ 9ರೊಳಗೆ ಗಾಳಿ ಮೆಲ್ಲಗೆ ಇರುತ್ತದೆ, ಮಧ್ಯಾಹ್ನದ ನಂತರ ಕಡಲ ಗಾಳಿ ಪಡುವಣದಿಂದ ಜೋರಾಗುತ್ತದೆ. ಗಾಳಿಗೆ ಎದುರಾಗಿ ಏರಬೇಕು, ಸಂಜೆ ಅದೇ ದಿಕ್ಕಿನಲ್ಲಿ ಸೂರ್ಯನೂ ಇರುತ್ತಾನೆ. ನೀವು ದಕ್ಷಿಣಕ್ಕೆ ಬೆನ್ನು ಹಾಕಿ ನಿಂತು ವಿಮಾನವನ್ನು ನಿಮ್ಮ ಉತ್ತರಕ್ಕೇ ಇಟ್ಟುಕೊಂಡರೆ ಸೂರ್ಯ ನೇರ ಕಣ್ಣಿಗೆ ಬೀಳುವುದಿಲ್ಲ. ಮಂಗಳೂರು ಕಡೆ ಹೋಗುವುದಾದರೆ ಬಜ್ಪೆ ವಿಮಾನ ನಿಲ್ದಾಣದ ಸುತ್ತ ಡ್ರೋನ್ ನಿಯಮ 2021ರ ಮಿತಿ ಉಂಟು: 8ರಿಂದ 12 ಕಿಲೋಮೀಟರ್ ನಡುವೆ 200 ಅಡಿಯವರೆಗೆ ಮಾತ್ರ, ಅದಕ್ಕಿಂತ ಹತ್ತಿರ ಅನುಮತಿಯಿಲ್ಲದೆ ಬೇಡ. ಅನುಮತಿ ಬೇಕಿಲ್ಲದ ಬೇರೆ ಹಸಿರು ವಲಯದಲ್ಲಿ 400 ಅಡಿ. ಹೋಗುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ನೋಡಿಕೊಳ್ಳಿ.

ರೇಡಿಯೊಗೆ 18650 ಗಾತ್ರದ ಲಿಥಿಯಂ ಸೆಲ್ ಕೊಳ್ಳುವಾಗ 9900 ಎಂಎಎಚ್ ಎಂದು ಬರೆದದ್ದನ್ನು ಮುಟ್ಟಬೇಡಿ. ಆ ಗಾತ್ರದಲ್ಲಿ 3500ರ ಆಸುಪಾಸಿಗಿಂತ ಹೆಚ್ಚು ಹಿಡಿಯುವುದಿಲ್ಲ. ಒಂದೇ ಜಾತಿಯ ಎರಡು ಹೊಸ ಸೆಲ್ ಹಾಕಿ, ಎಚ್ಚರಿಕೆ 7.0 ವೋಲ್ಟ್‌ಗೆ ಇಡಿ. ಬ್ರೈಟ್‌ನೆಸ್ 100ರಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ, ಅದಕ್ಕೆ ಬ್ಯಾಕ್‌ಲೈಟ್ 15 ಸೆಕೆಂಡಿಗೆ ಆರುವಂತೆ ಮಾಡಿ. ಹೇಗೂ ಮೇಲಿರುವಾಗ ನೋಡುವುದಿಲ್ಲವಲ್ಲ.

ಇಷ್ಟೆಲ್ಲ ಸೆಟ್ ಮಾಡಿದ ಮೇಲೆ ಯುಎಸ್‌ಬಿ ಕೇಬಲ್ ಹಾಕಿ, ಸ್ಟೋರೇಜ್ ಆರಿಸಿ, ಎಸ್‌ಡಿ ಕಾರ್ಡಿನಲ್ಲಿರುವುದನ್ನು ಪೂರ್ತಿ ಕಂಪ್ಯೂಟರ್‌ಗೆ ನಕಲು ಮಾಡಿಡಿ. ನಿಮ್ಮ ವಿಮಾನದ ಸೆಟಪ್ ಮಾಡೆಲ್ಸ್ ಫೋಲ್ಡರಿನಲ್ಲಿ ಚಿಕ್ಕ ಫೈಲ್ ಆಗಿ ಕೂತಿರುತ್ತದೆ. ಮುಂದಿನ ಫರ್ಮ್‌ವೇರ್ ಅಪ್‌ಡೇಟ್‌ಗೆ ಮೊದಲೂ ಇದನ್ನೇ ಮಾಡಿ, ಅಪ್‌ಡೇಟ್ ಆದ ಮೇಲೆ ಪ್ರೊಪೆಲ್ಲರ್ ಬಿಚ್ಚಿಟ್ಟು ಎಸ್‌ಎಫ್, ಎಸ್‌ಸಿ ಮತ್ತು ಫೇಲ್‌ಸೇಫ್ ಮೂರನ್ನೂ ಮತ್ತೊಮ್ಮೆ ನೋಡಿ.