ಗುಜರಿ ಅಂಗಡಿಯಲ್ಲಿ ಸಿಕ್ಕ ಭಗತ್ ಸಿಂಗ್ ಪಟ ನಿಜವಾಗಿಯೂ ಹಳೆಯದಾ?

ಮಂಗಳೂರಿನ ಗುಜರಿ ಅಂಗಡಿಯಲ್ಲಿ ಸಿಕ್ಕ ಪಟ ಹಳೆಯದಾ ಎಂದು ಕೇಳಿದ್ದೀರಿ. ಅದರಲ್ಲಿ ಭಗತ್ ಸಿಂಗ್ ತಮ್ಮ ತಲೆಯನ್ನೇ ಭಾರತ ಮಾತೆಗೆ ಒಪ್ಪಿಸುತ್ತಿದ್ದಾರೆ, ಅಲ್ವಾ? ಇಂಥ ಚಿತ್ರಗಳು ಹರಡಿದ್ದು 1931ರ ಮಾರ್ಚ್ 23ರ ಗಲ್ಲಿನ ನಂತರ. ಕಾನ್ಪುರದ ಶ್ಯಾಮ್ ಸುಂದರ್ ಲಾಲ್ ಈ ಬಗೆಯ ಪಟಗಳ ಹೆಸರಾಂತ ಪ್ರಕಾಶಕ. ಕೆಲವನ್ನು ಬ್ರಿಟಿಷರು ನಿಷೇಧಿಸಿದ್ದರು.

ಫ್ರೇಮ್ ಬಿಚ್ಚಿ ಕೆಳಗಿನ ಅಂಚು ನೋಡಿ. ಪ್ರಕಾಶಕರ ಹೆಸರು, ಊರು ಸಾಮಾನ್ಯವಾಗಿ ಅಲ್ಲಿರುತ್ತದೆ, ಫ್ರೇಮಿನವರು ಕತ್ತರಿಸಿರದಿದ್ದರೆ! ಬಾವುಟದಲ್ಲಿ ಅಶೋಕ ಚಕ್ರ ಇದ್ದರೆ ಚಿತ್ರ 1947ರ ಜುಲೈಗಿಂತ ಹಳೆಯದಲ್ಲ.

ಬಾವುಟದಲ್ಲಿ ಚಕ್ರದ ಬದಲು ಸ್ವಾತಂತ್ರ್ಯಪೂರ್ವದ ನೂಲುವ ಚರಕ ಇದ್ದರೂ ಸುಮ್ನೆ ಖುಷಿಪಡಬೇಡಿ, ಮರುಮುದ್ರಣಗಳೂ ಇವೆ. ಕತ್ತಲಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿಯಿರಿ. ಕಾಗದ ನೀಲಿ ಬಿಳುಪಾಗಿ ಹೊಳೆದರೆ ಅದು ಬಹುತೇಕ 1950ರ ಈಚಿನದು. ಆದರೆ ಕಾಗದದ ಕಂದು ಕಲೆಗಳನ್ನು ಹಳೆಯದರ ಗುರುತೆಂದು ನಂಬಬೇಡಿ. ನಮ್ಮೂರ ಮಳೆಗಾಲದಲ್ಲಿ ಹೋದ ವರ್ಷದ ಕ್ಯಾಲೆಂಡರಿಗೂ ಅವು ಬರುತ್ತವೆ.