ಸಿಗದವರ ಪಟ್ಟಿ ಎಲ್ಲಿದೆ?

ಚಿಂತಾಮಣಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಕೊರೊನಾ ಪರಿಹಾರ ಪಡೆದ ರೈತರ ಹೆಸರನ್ನು ಪಂಚಾಯ್ತಿ ಗೋಡೆಗೆ ಅಂಟಿಸಬೇಕಿತ್ತು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ರೈತ ಏನು ಭಿಕ್ಷೆ ಬೇಡಿದವನಾ? ಕೋಟಿಗಟ್ಟಲೆ ಸಾಲ ಮುಳುಗಿಸಿದವರ ಹೆಸರು ಯಾವ ಗೋಡೆ ಮೇಲಿದೆ? 2020ರಲ್ಲಿ ನನಗೆ ಹೂವಿನ ದುಡ್ಡು ಬಂತು, ಪಕ್ಕದ ಹೊಲದ ತಮ್ಮನಿಗೆ ಬರಲಿಲ್ಲ. ಪಟ್ಟಿ ಹಾಕಿದ್ದರೆ ಮನೆಯಲ್ಲಿ ಜಗಳ ಆಗ್ತಿತ್ತು, ಅಷ್ಟೇ.’

ಮಾನ್ಯರೇ,

ದೊಡ್ಡ ಸಾಲಗಾರರ ವಿಷಯದಲ್ಲಿ ನನ್ನ ತಕರಾರಿಲ್ಲ. ಬ್ಯಾಂಕುಗಳ ತಪಾಸಣಾ ವರದಿಯನ್ನು ಮುಚ್ಚಿಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲೇ ರಿಸರ್ವ್ ಬ್ಯಾಂಕಿಗೆ ಹೇಳಿದೆ. ಅವರ ಹೆಸರೂ ಗೋಡೆಗೆ ಬರಲಿ. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ತಮ್ಮನ ಮಾತು. ಅವರಿಗೆ ಯಾಕೆ ಬರಲಿಲ್ಲ ಅಂತ ನೀವು ಬರೆದಿಲ್ಲ. ಬಹುಶಃ ನಿಮಗೂ ಯಾರೂ ಹೇಳಿಲ್ಲ.

2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ 1,610 ಕೋಟಿ ರೂಪಾಯಿ ಪ್ಯಾಕೇಜ್ ಘೋಷಿಸಿದರು. ಹೂವಿಗೆ ಹೆಕ್ಟೇರಿಗೆ 25,000 ರೂಪಾಯಿ, ಅದೂ ಒಂದು ಹೆಕ್ಟೇರಿಗೆ ಮಾತ್ರ. ಕೆಲವೇ ದಿನಕ್ಕೆ ಹಣ್ಣು, ತರಕಾರಿಗೆ 15,000 ಬಂತು, ಮೆಕ್ಕೆಜೋಳದವರಿಗೆ ತಲಾ 5,000. ಮರುವರ್ಷ ಎರಡನೇ ಅಲೆಯಲ್ಲಿ ಹೂವಿನ ದರ 10,000ಕ್ಕೆ ಇಳಿಯಿತು. ಹತ್ತು ಗುಂಟೆ ಸೇವಂತಿಗೆ ಹಾಕಿದವರ ಲೆಕ್ಕ ಹಾಕಿ ನೋಡಿ. ಮೊದಲ ಸಲ ಹೆಚ್ಚುಕಮ್ಮಿ ಎರಡೂವರೆ ಸಾವಿರ, ಎರಡನೇ ಸಲ ಒಂದು ಸಾವಿರ. ಹೂವನ್ನು ತಿಪ್ಪೆಗೆ ಸುರಿದವರಿಗೆ ಅದು ಬಿಡಿಸಿದ ಕೂಲಿಗೂ ಸಾಲದು. ಮಾರುಕಟ್ಟೆ ಮುಚ್ಚಿಸಿದ ಸರ್ಕಾರ ನಷ್ಟದಲ್ಲಿ ಒಂದು ಚೂರು ತುಂಬಿಕೊಟ್ಟಿತು. ಇದರಲ್ಲಿ ಭಿಕ್ಷೆ ಎಲ್ಲಿ ಬಂತು? ಹಾಗಿದ್ದ ಮೇಲೆ ಹೆಸರು ಕಂಡರೆ ನಾಚಿಕೆ ಯಾಕೆ?

ದುಡ್ಡು ಯಾರಿಗೆ ಅಂತ ತೀರ್ಮಾನವಾದದ್ದು ಹೆಚ್ಚಾಗಿ ಬೆಳೆ ಸಮೀಕ್ಷೆಯ ಮೇಲೆ. ಮೊಬೈಲ್ ಹಿಡಿದು ಬಂದ ಹುಡುಗ ಬದುವಿನ ಮೇಲೆ ನಿಂತು ಒಂದು ಫೋಟೊ ತೆಗೆದು ‘ರಾಗಿ’ ಅಂತ ಒತ್ತಿ ಹೋದರೆ ಮುಗೀತು, ಮೂಲೆಯ ಹತ್ತು ಗುಂಟೆ ಹೂವು ಲೆಕ್ಕಕ್ಕೇ ಇಲ್ಲ. ಪಹಣಿ ತೀರಿಹೋದ ಅಪ್ಪನ ಹೆಸರಲ್ಲೇ ಇದ್ದು ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಆಗಿಲ್ಲದಿದ್ದರೆ ದುಡ್ಡು ಹಾಕಲು ಆಧಾರ್ ಜೋಡಿಸಿದ ಖಾತೆ ಎಲ್ಲಿಂದ ತರೋದು? ಬೇರೆಯವರ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡುವವರ ಕಷ್ಟ ಕೇಳಲೇಬೇಡಿ. ನಿಮ್ಮ ತಮ್ಮನ ವಿಷಯದಲ್ಲಿ ಎಡವಿದ್ದು ಎಲ್ಲಿ ಅನ್ನೋದು ಗೋಡೆಯ ಮೇಲೆ ಸಿಗದವರ ಪಟ್ಟಿಯೂ ಕಾರಣದ ಸಮೇತ ಇದ್ದಿದ್ದರೆ ಅದೇ ವಾರ ಗೊತ್ತಾಗುತ್ತಿತ್ತು, ಅರ್ಜಿ ಕೊಡಲು ಸಮಯವೂ ಇರುತ್ತಿತ್ತು.

ಜಗಳದ ಭಯ ನನಗೆ ಅಷ್ಟಿಲ್ಲ. ಯಾರಿಗೆ ಎಷ್ಟು ಬಂತು ಅಂತ ಟೀ ಅಂಗಡಿಯಲ್ಲಿ ಹೇಗೂ ಮಾತಾಗುತ್ತದೆ, ಒಂದಕ್ಕೆ ಎರಡು ಸೇರಿಸಿ. ಪಿಎಂ ಕಿಸಾನ್ ಫಲಾನುಭವಿಗಳ ಹಳ್ಳಿವಾರು ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಅದರಿಂದ ಊರುಗಳೇನೂ ಹೊತ್ತಿ ಉರಿದಿಲ್ಲ. ಆದರೆ ಅದರಲ್ಲಿರುವುದು ಸಿಕ್ಕವರ ಹೆಸರು. ನಾನು ಈಗ ಕೇಳುತ್ತಿರುವುದು ಸಿಗದವರದೂ, ಪಕ್ಕದಲ್ಲೇ ಕಾರಣದ ಸಮೇತ. ಆಧಾರ್, ಫೋನ್, ಬ್ಯಾಂಕ್ ಖಾತೆ ನಂಬರ್ ಖಂಡಿತ ಬೇಡ.

ಇದೆಲ್ಲ ಹಳೇ ಕಥೆ ಅಂತ ಸುಮ್ನೆ ಬಿಡುವ ಹಾಗೂ ಇಲ್ಲ. ಬರ ಪರಿಹಾರಕ್ಕೂ ಸರ್ಕಾರ ಕಂಪ್ಯೂಟರಿನಲ್ಲಿರುವ ಇಂಥ ದಾಖಲೆಗಳನ್ನೇ ನೋಡುತ್ತದೆ. ಅಲ್ಲಿ ಒಮ್ಮೆ ತಪ್ಪಾದರೆ ಮುಂದಿನ ಸಲವೂ ಕೈ ಖಾಲಿ.

ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸಬ್ಸಿಡಿ ಯೋಜನೆಗಳ ಹಣ ಮತ್ತು ಫಲಾನುಭವಿಗಳ ವಿವರವನ್ನು ಇಲಾಖೆ ಯಾರೂ ಕೇಳದೆಯೇ ಪ್ರಕಟಿಸಬೇಕು. 2023ರ ಡಿಜಿಟಲ್ ದತ್ತಾಂಶ ಕಾಯ್ದೆ ಬಂದ ಮೇಲೆ ‘ವೈಯಕ್ತಿಕ ಮಾಹಿತಿ, ಕೊಡಲ್ಲ’ ಅನ್ನುವುದು ಸುಲಭವಾಗಿದೆ, ನಿಜ. ಆದರೆ ತನ್ನ ಅರ್ಜಿ ಏನಾಯ್ತು ಅಂತ ನಿಮ್ಮ ತಮ್ಮನೇ ಕೇಳಿದರೆ ಆ ನೆಪ ನಡೆಯುವುದಿಲ್ಲ. ಹತ್ತು ರೂಪಾಯಿ ಶುಲ್ಕದ ಜೊತೆ ತಾಲ್ಲೂಕು ತೋಟಗಾರಿಕೆ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಲಿ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು. ಸರ್ವೆ ನಂಬರ್ ಹಾಕಿ, ಆ ವರ್ಷದ ಸಮೀಕ್ಷೆಯಲ್ಲಿ ಯಾವ ಬೆಳೆ ದಾಖಲಾಗಿದೆ, ಪರಿಹಾರ ನಿಂತದ್ದು ಯಾಕೆ ಅಂತ ಕೇಳಿದರೆ ಸಾಕು. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ ಹಾಕಲಿ.

– ಸಂಪಾದಕ