ಕಾಡಲ್ಲಿ ಪುಕ್ಕಟೆ ಟೆಂಟು: ನಿಮ್ಮ ಪ್ರಶ್ನೆ, ನನ್ನ ಉತ್ತರ

ಕೊಲೊರಾಡೊದ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ದುಡ್ಡು ಕೊಡದೆ ಟೆಂಟು ಹಾಕಬಹುದು ಅಂತ ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರ ಮಿಕ್ಕ ಲೇಖನಕ್ಕೆ ಬರಲಿಲ್ಲ. ಪುಕ್ಕಟೆ ಅಂದರೆ ನಮ್ಮವರ ಕಿವಿ ನೆಟ್ಟಗಾಗುತ್ತದೆ. ನನ್ನದೂ ಅಷ್ಟೇ ಬಿಡಿ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಿಜವಾಗಲೂ ದುಡ್ಡಿಲ್ಲವಾ? ಬುಕಿಂಗ್ ಬೇಡ್ವಾ? ನನ್ನ ಗೆಳೆಯ ರಾಕಿ ಮೌಂಟನ್ ನ್ಯಾಷನಲ್ ಪಾರ್ಕ್‌ನಲ್ಲಿ ರಸ್ತೆ ಪಕ್ಕ ಕಾರು ನಿಲ್ಲಿಸಿ ಮಲಗಿದ್ದ. ರಾತ್ರಿ ರೇಂಜರ್ ಬಂದು ಎಬ್ಬಿಸಿ ಕಳಿಸಿದರಂತೆ. – ಓದುಗರೊಬ್ಬರು, ಡೆನ್ವರ್

ರೇಂಜರ್ ಮಾಡಿದ್ದು ಸರಿ. ನಿಮ್ಮ ಗೆಳೆಯ ಮಲಗಿದ್ದು ಪಾರ್ಕ್‌ನಲ್ಲಿ. ನಾನು ಬರೆದಿದ್ದು ಫಾರೆಸ್ಟ್ ಬಗ್ಗೆ. ಹೆಸರು ಹತ್ತಿರ ಹತ್ತಿರ ಇದ್ದರೂ ಇಬ್ಬರೂ ಬೇರೆ ಬೇರೆ ಮನೆಯವರು. ಪಾರ್ಕ್‌ಗಳನ್ನು ನೋಡಿಕೊಳ್ಳುವುದು ನ್ಯಾಷನಲ್ ಪಾರ್ಕ್ ಸರ್ವಿಸ್. ಅದು ಇಂಟೀರಿಯರ್ ಖಾತೆಯದು, ಅಂದರೆ ನಮ್ಮ ಗೃಹ ಖಾತೆಯ ಥರದ್ದಲ್ಲ, ಸರ್ಕಾರಿ ಜಮೀನು ನೋಡಿಕೊಳ್ಳುವ ಖಾತೆ. ಫಾರೆಸ್ಟ್‌ಗಳು 1905ರಲ್ಲಿ ಶುರುವಾದ ಫಾರೆಸ್ಟ್ ಸರ್ವಿಸ್ ಕೈಯಲ್ಲಿವೆ, ಅದು ಬರುವುದು ಕೃಷಿ ಖಾತೆಯ ಕೆಳಗೆ. ಕಾಡಿಗೂ ಕೃಷಿ ಖಾತೆಗೂ ಏನು ಸಂಬಂಧ ಅಂತೀರಾ? ಇಲ್ಲಿ ಮರ ಕಡಿದು ಮಾರುತ್ತಾರೆ, ದನ ಮೇಯಿಸುತ್ತಾರೆ, ಬೇಟೆ ಆಡುತ್ತಾರೆ. ಅದರ ಜೊತೆಗೆ ನಾವೂ ಟೆಂಟು ಹಾಕುತ್ತೇವೆ. ಬೆಳಗ್ಗೆ ಎದ್ದು ಟೆಂಟಿನ ಜಿಪ್ ತೆಗೆದರೆ ಎದುರಿಗೆ ಹಸು ನಿಂತಿದ್ದರೆ ಗಾಬರಿ ಬೀಳಬೇಡಿ. ಮೇಯಲು ಪರ್ಮಿಟ್ ಪಡೆದು ಬಂದಿರುವುದು ಅದು, ನೀವಲ್ಲ.

ಸೈಟ್ ನಂಬರು, ನಲ್ಲಿ, ಟಾಯ್ಲೆಟ್, ಕಸದ ತೊಟ್ಟಿ ಏನೂ ಇಲ್ಲದ ಕಡೆ ಟೆಂಟು ಹಾಕುವುದಕ್ಕೆ ಡಿಸ್ಪರ್ಸ್ಡ್ ಕ್ಯಾಂಪಿಂಗ್ ಅಂತಾರೆ. ಅದಕ್ಕೆ ದುಡ್ಡಿಲ್ಲ, ಬುಕಿಂಗ್ ಇಲ್ಲ. ಮೊದಲು ಬಂದವರಿಗೆ ಜಾಗ. ಸಾಮಾನ್ಯವಾಗಿ 14 ದಿನದ ತನಕ ಇರಬಹುದು, ಆಮೇಲೆ ಎದ್ದು ಹೋಗಬೇಕು. ಆದರೆ ಜನ ಜಾಸ್ತಿ ಬರುವ ಕಡೆ ನಿಯಮ ಬಿಗಿಯಾಗುತ್ತಿದೆ. ಗನ್ನಿಸನ್ ನ್ಯಾಷನಲ್ ಫಾರೆಸ್ಟ್‌ನಲ್ಲಿ, ಕ್ರೆಸ್ಟೆಡ್ ಬ್ಯೂಟ್ ಸುತ್ತಮುತ್ತಲಿನ ಕಣಿವೆಗಳಲ್ಲಿ, ಈಗ ಕಂಬ ನೆಟ್ಟು ನಂಬರು ಹಾಕಿದ ಜಾಗದಲ್ಲಿ ಮಾತ್ರ ಟೆಂಟು ಹಾಕಬಹುದು. ಅದಕ್ಕೇ ಹೊರಡುವ ಮೊದಲು ಆ ಕಾಡಿನ ರೇಂಜರ್ ಡಿಸ್ಟ್ರಿಕ್ಟ್ ಆಫೀಸಿಗೆ ಒಂದು ಫೋನ್ ಮಾಡಿ. ವಾರದ ದಿನಗಳಲ್ಲೇ ಮಾಡಿ. ಶುಕ್ರವಾರ ಸಾಯಂಕಾಲ ಕಾರಿನಲ್ಲಿ ಕೂತು ಮಾಡಿದರೆ ಉತ್ತರ ಸಿಗುವುದು ಕಷ್ಟ.

ಪ್ರಶ್ನೆ: ಜಾಗ ಹುಡುಕುವುದು ಹೇಗೆ? ಗೂಗಲ್ ಮ್ಯಾಪ್ ನಂಬಿ ಹೋಗಿ ಕಲ್ಲಿನ ದಾರಿಯಲ್ಲಿ ಕಾರಿನ ತಳ ಹೊಡೆಸಿಕೊಂಡೆವು. ನಮ್ಮದು ಸಾಧಾರಣ ಸೆಡಾನ್. – ಹೊಸದಾಗಿ ಮದುವೆಯಾದವರು, ಫೋರ್ಟ್ ಕಾಲಿನ್ಸ್

ಗೂಗಲ್ ಮ್ಯಾಪ್‌ಗೆ ದಾರಿ ಇದೆಯೋ ಇಲ್ಲವೋ ಅಷ್ಟೇ ಚಿಂತೆ. ನಿಮ್ಮ ಕಾರಿನ ಹೊಟ್ಟೆ ನೆಲದಿಂದ ಎಷ್ಟು ಮೇಲಿದೆ ಅಂತ ಅದು ಕೇಳುವುದಿಲ್ಲ.

ನಿಮಗೆ ಬೇಕಾದದ್ದು ಮೋಟರ್ ವೆಹಿಕಲ್ ಯೂಸ್ ಮ್ಯಾಪ್. ಎಂವಿಯುಎಂ ಅಂತ ಕೇಳಿದರೆ ಆಫೀಸಿನಲ್ಲಿ ಪುಕ್ಕಟೆ ಕೊಡುತ್ತಾರೆ. ಫೋನಿಗೂ ಇಳಿಸಿಕೊಳ್ಳಬಹುದು. ಅವೆನ್ಜಾ ಅನ್ನುವ ಆ್ಯಪ್‌ನಲ್ಲಿ ತೆರೆದರೆ ಸಿಗ್ನಲ್ ಇಲ್ಲದಿದ್ದರೂ ನೀವು ಎಲ್ಲಿದ್ದೀರಿ ಅಂತ ತೋರಿಸುತ್ತದೆ. ನೋಡಲು ಏನೂ ಚೆಂದ ಇಲ್ಲ, ಕಪ್ಪು ಬಿಳುಪಿನ ಗೆರೆಗಳು. ಬೆಟ್ಟದ ಏರಿಳಿತವೂ ಕಾಣುವುದಿಲ್ಲ. ನಮ್ಮ ಯಜಮಾನರು ಅದನ್ನು ಮೊದಲ ಸಲ ನೋಡಿ ಜೆರಾಕ್ಸ್ ಕೆಟ್ಟಿದೆ ಅಂದುಕೊಂಡಿದ್ದರು. ಆದರೆ ಕಾನೂನು ಪ್ರಕಾರ ಮಾತು ನಡೆಯುವುದು ಅದರದ್ದೇ. ಆ ಮ್ಯಾಪಿನಲ್ಲಿ ಇಲ್ಲದ ದಾರಿಗೆ ಗಾಡಿ ಇಳಿಸುವಂತಿಲ್ಲ, ಕಣ್ಣಿಗೆ ಎಷ್ಟೇ ಒಳ್ಳೆ ರಸ್ತೆ ಥರ ಕಂಡರೂ.

ಕೆಲವು ರಸ್ತೆಗಳ ಅಂಚಿಗೆ ಸಣ್ಣ ಚುಕ್ಕಿಗಳ ಸಾಲು ಇರುತ್ತದೆ. ಅದನ್ನೇ ಹುಡುಕಿ. ಅಲ್ಲಿ ಟೆಂಟು ಹಾಕಲು ಗಾಡಿಯನ್ನು ರಸ್ತೆಯಿಂದ ಸ್ವಲ್ಪ ಒಳಗೆ ಒಯ್ಯಬಹುದು ಅಂತ ಅರ್ಥ. ಎಷ್ಟು ಅಡಿ ಅನ್ನುವುದು ಕಾಡಿನಿಂದ ಕಾಡಿಗೆ ಬೇರೆ, ಮ್ಯಾಪಿನ ಪಕ್ಕದ ಕೋಷ್ಟಕದಲ್ಲಿ ಬರೆದಿರುತ್ತದೆ.

ಇನ್ನು ನಿಮ್ಮ ಸೆಡಾನ್ ವಿಷಯ. ಫಾರೆಸ್ಟ್ ರಸ್ತೆ ಶುರುವಾಗುವ ಕಡೆ ಕಂದು ಬಣ್ಣದ ಸಣ್ಣ ಫಲಕ ಇರುತ್ತದೆ. ಅದರ ಮೇಲೆ ರಸ್ತೆಯ ನಂಬರು. ಆ ನಂಬರನ್ನು ಹೇಗೆ ಬರೆದಿದ್ದಾರೆ ಅಂತ ಗಮನಿಸಿ. ಅಂಕಿಗಳು ಅಡ್ಡಡ್ಡ, ಮನೆ ನಂಬರಿನ ಹಾಗೆ ಇದ್ದರೆ ಸಾಧಾರಣ ಕಾರು ಹೋಗುವ ರಸ್ತೆ. ಒಂದರ ಕೆಳಗೊಂದು ಉದ್ದಕ್ಕೆ ಬರೆದಿದ್ದರೆ ಎತ್ತರದ ಗಾಡಿಯವರಿಗೆ ಮಾತ್ರ. ಇಷ್ಟು ಗೊತ್ತಿದ್ದರೆ ಅರ್ಧ ಗೋಳು ತಪ್ಪುತ್ತದೆ. ಬಾಡಿಗೆ ಕಾರಾದರೆ ಇನ್ನೂ ಒಂದು ಮಾತು. ಎಷ್ಟೋ ಕಂಪನಿಗಳ ಕರಾರಿನಲ್ಲಿ ಮಣ್ಣಿನ ರಸ್ತೆಗೆ ಹೋಗಬಾರದು ಅಂತ ಇರುತ್ತದೆ. ಸಹಿ ಹಾಕುವ ಮೊದಲು ಓದಿ.

ಜಾಗ ಸಿಕ್ಕ ಮೇಲೆ ಹೊಸ ಹುಲ್ಲಿನ ಮೇಲೆ ಟೆಂಟು ಬಿಚ್ಚಬೇಡಿ. ಯಾರೋ ಈಗಾಗಲೇ ಉಳಿದು ನೆಲ ಗಟ್ಟಿಯಾಗಿರುವ ಕಡೆಯೇ ಹಾಕಿ. ಹೊಳೆ, ಕೆರೆಯಿಂದ 200 ಅಡಿ ದೂರ ಇರಲಿ. ಆಮೇಲೆ ಒಂದು ಸಲ ತಲೆ ಎತ್ತಿ ನೋಡಿ. ಇಲ್ಲಿನ ಲಾಡ್ಜ್‌ಪೋಲ್ ಪೈನ್ ಮರಗಳಿಗೆ ತೊಗಟೆ ಹುಳು ಬಿದ್ದು ಲಕ್ಷಗಟ್ಟಲೆ ಎಕರೆ ಒಣಗಿವೆ. ಹುಳು ಹೊಕ್ಕ ಮರದ ಕಾಂಡದ ಮೇಲೆ ಅಂಟು ಉಕ್ಕಿ ಗಂಟುಗಂಟಾಗಿ ಗಟ್ಟಿಯಾಗಿರುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ. ಎಲೆ ಮೊದಲು ಕೆಂಪಾಗುತ್ತದೆ. ಆಮೇಲೆ ಉದುರಿ ಬರೀ ಬೂದು ಕೋಲು ನಿಂತಿರುತ್ತದೆ. ಬೇರು ಕೊಳೆತ ಅಂಥ ಮರ ಬೀಳಲು ಬಿರುಗಾಳಿಯೇ ಬೇಕಾಗಿಲ್ಲ. ಎಷ್ಟೇ ಒಳ್ಳೆ ನೋಟ ಇದ್ದರೂ ಅದರ ಕೆಳಗೆ ಮಲಗಬೇಡಿ.

ಪ್ರಶ್ನೆ: ಅಪ್ಪ ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿದ್ದಾರೆ. ಅಪ್ಪನಿಗೆ 68, ಅಮ್ಮನಿಗೆ ಮಂಡಿ ನೋವು. ಲೆಡ್‌ವಿಲ್ ಹತ್ತಿರ ಒಂದು ರಾತ್ರಿ ಟೆಂಟಿನಲ್ಲಿ ಇರಿಸಬೇಕು ಅಂತ ಆಸೆ. ವೀಸಾದಿಂದ ತೊಂದರೆ ಇದೆಯಾ? – ಮಗ, ಅರೋರಾ

ವೀಸಾದಿಂದ ಏನೂ ತೊಂದರೆ ಇಲ್ಲ ಕಣಪ್ಪಾ. ಕಾಡು ಎಲ್ಲರಿಗೂ ತೆರೆದಿದೆ. ತೊಂದರೆ ಇರುವುದು ಮಂಡಿಯಲ್ಲಿ, ಮತ್ತೆ ಎತ್ತರದಲ್ಲಿ.

ಮೊದಲು ಎತ್ತರ. ಡೆನ್ವರ್ ಇರುವುದು 5,280 ಅಡಿಯಲ್ಲಿ. ಲೆಡ್‌ವಿಲ್ ಊರೇ 10,000 ಅಡಿಗಿಂತ ಮೇಲಿದೆ. ವಿಮಾನ ಇಳಿದು ಎರಡನೇ ದಿನಕ್ಕೇ ಅಲ್ಲಿ ಮಲಗಿಸಿದರೆ ಅವರಿಗೆ ತಲೆನೋವು, ವಾಕರಿಕೆ ಬರಬಹುದು, ನಿದ್ದೆ ಹತ್ತದೇ ಹೋಗಬಹುದು. ಒಂದು ವಾರವಾದರೂ ಮನೆಯಲ್ಲಿ ಇರಲಿ. ಆಮೇಲೆ ಹೋದರೂ ಮೊದಲು 8,000 ಅಡಿಯ ಆಸುಪಾಸಿನಲ್ಲಿ ಒಂದು ರಾತ್ರಿ ಕಳೆಯಿರಿ. ಬಿಪಿ, ಹೃದಯದ ಮಾತ್ರೆ ತೆಗೆದುಕೊಳ್ಳುವವರಾದರೆ ಡಾಕ್ಟರನ್ನು ಕೇಳದೆ ಹೊರಡಬೇಡಿ. ತಲೆನೋವು ಏರುತ್ತಾ ಹೋಯಿತು, ಮಾತು ನಡಿಗೆ ತಡವರಿಸಿತು ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಕೆಳಗೆ ಇಳಿಸಿ.

ಇನ್ನು ಮಂಡಿ. ಡಿಸ್ಪರ್ಸ್ಡ್ ಸೈಟಿನಲ್ಲಿ ಗುಂಡಿ ತೋಡಿ ಕುಕ್ಕರಗಾಲಲ್ಲಿ ಕೂರಬೇಕು. ಅದೂ ರಾತ್ರಿ ಎರಡು ಗಂಟೆಗೆ, ಜುಲೈನಲ್ಲೂ ಕೈ ಮರಗಟ್ಟುವ ಚಳಿಯಲ್ಲಿ, ಟಾರ್ಚ್ ಹಿಡಿದುಕೊಂಡು. ನಿಮ್ಮ ಅಮ್ಮ ಏನು ಮಾಡುತ್ತಾರೆ ಗೊತ್ತಾ? ಸಂಜೆ ನಾಲ್ಕರಿಂದಲೇ ನೀರು ಕುಡಿಯುವುದು ಬಿಡುತ್ತಾರೆ. ನಿಮಗೆ ಹೇಳುವುದೂ ಇಲ್ಲ. ಆ ಎತ್ತರದಲ್ಲಿ ನೀರು ಕುಡಿಯದೆ ಇದ್ದರೆ ತಲೆನೋವು ಇನ್ನೂ ಜಾಸ್ತಿ.

ನನ್ನ ಮಾತು ಕೇಳುವುದಾದರೆ ಈ ಸಲ ಪುಕ್ಕಟೆ ಬೇಡ. ಅದೇ ಫಾರೆಸ್ಟ್ ಸರ್ವಿಸ್‌ನವರ ದುಡ್ಡು ಕೊಡುವ ಕ್ಯಾಂಪ್‌ಗ್ರೌಂಡ್‌ಗಳಿವೆ. ಕೂರಲು ಸೀಟಿರುವ ಟಾಯ್ಲೆಟ್ ಇರುತ್ತದೆ, ಊಟಕ್ಕೆ ಮೇಜು ಬೆಂಚು ಇರುತ್ತದೆ. ರೆಕ್ರಿಯೇಷನ್ ಡಾಟ್ ಗವ್‌ನಲ್ಲಿ ಬುಕ್ ಮಾಡಿ. ಎಷ್ಟೋ ಜಾಗಗಳಿಗೆ ಆರು ತಿಂಗಳ ಮೊದಲೇ ಬುಕಿಂಗ್ ತೆರೆಯುತ್ತದೆ, ವಾರಾಂತ್ಯ ಬೇಗ ತುಂಬುತ್ತದೆ. ಮಂಗಳವಾರ, ಬುಧವಾರ ನೋಡಿ. ಕ್ಯಾಂಪ್ ಕಾಟ್ ಒಯ್ದು ಅಮ್ಮನನ್ನು ಅದರ ಮೇಲೆ ಮಲಗಿಸಿ. ನೆಲದಿಂದ ಏಳುವುದೇ ಮಂಡಿಗೆ ದೊಡ್ಡ ಶಿಕ್ಷೆ. ಪುಕ್ಕಟೆ ಜಾಗಕ್ಕೆ ಹಗಲು ಹೊತ್ತು ಕರೆದುಕೊಂಡು ಹೋಗಿ, ಬುತ್ತಿ ಬಿಚ್ಚಿ ಊಟ ಮಾಡಿ ಬನ್ನಿ. ಅಪ್ಪ ಊರಿಗೆ ಹೋಗಿ ಟೆಂಟಿನ ಕಥೆ ಹೇಳುವಾಗ ಟಾಯ್ಲೆಟ್ ಇತ್ತು ಅಂತ ಯಾರೂ ಮಾರ್ಕ್ಸ್ ಕಡಿಮೆ ಮಾಡುವುದಿಲ್ಲ.

ಪ್ರಶ್ನೆ: ಕೇಳಲು ಸಂಕೋಚ. ಗುಂಡಿ ಅಂದಿರಲ್ಲ, ಎಷ್ಟು ಆಳ? ನಮಗೆ ಪೇಪರ್ ಅಭ್ಯಾಸ ಇಲ್ಲ. – ಹೆಸರು ಬೇಡ

ಸಂಕೋಚ ಯಾಕೆ? ಇದನ್ನು ಕೇಳದವರಿಂದಲೇ ಕಾಡು ಹಾಳಾಗುತ್ತಿರುವುದು. ಆಳ 6ರಿಂದ 8 ಇಂಚು. ನೀರು, ದಾರಿ, ಟೆಂಟು ಮೂರರಿಂದಲೂ 200 ಅಡಿ ದೂರ, ಅಂದರೆ ದೊಡ್ಡವರ ಹೆಜ್ಜೆಯಲ್ಲಿ ಸುಮಾರು 70. ಸಣ್ಣ ಕೈಗುದ್ದಲಿ ಒಯ್ಯಿರಿ, ಕೋಲಿನಲ್ಲಿ ಕೆರೆದರೆ ಎರಡು ಇಂಚೂ ಹೋಗುವುದಿಲ್ಲ. ನೀರು ಬಳಸುವ ನಾವೇ ಇಲ್ಲಿ ಮೇಲು. ಪೇಪರ್ ಬಳಸಿದವರು ಅದನ್ನು ಕವರಿನಲ್ಲಿ ಕಟ್ಟಿ ವಾಪಸ್ ತರಬೇಕು. ಚೊಂಬು ಹಿಡಿದು ಹೊಳೆ ಹತ್ತಿರ ಮಾತ್ರ ಹೋಗಬೇಡಿ, ನೀರನ್ನು ಗುಂಡಿ ಹತ್ತಿರ ಒಯ್ಯಿರಿ. ಮರ ಬೆಳೆಯದಷ್ಟು ಎತ್ತರಕ್ಕೆ ಹೋದರೆ ಗುಂಡಿಯೂ ಬೇಡ. ಅಲ್ಲಿನ ಮಣ್ಣಿನಲ್ಲಿ ಕೊಳೆಯುವುದು ತುಂಬಾ ನಿಧಾನ. ಅಲ್ಲಿಗೆ ವ್ಯಾಗ್ ಬ್ಯಾಗ್ ಅಂತ ಸಿಗುತ್ತದೆ. ಅದರಲ್ಲೇ ಮುಗಿಸಿ ಕಟ್ಟಿ ತನ್ನಿ.

ಪ್ರಶ್ನೆ: ಬೆಟ್ಟದ ಮೇಲೆ ಅನ್ನ ಬೇಯಲೇ ಇಲ್ಲ. ಸಾರಿನ ವಾಸನೆಗೆ ಕರಡಿ ಬರುತ್ತದೆ ಅಂತ ಗಂಡ ಹೆದರಿಸುತ್ತಾರೆ. – ಗೃಹಿಣಿ, ಕೊಲೊರಾಡೊ ಸ್ಪ್ರಿಂಗ್ಸ್

ಗಂಡ ಹೇಳಿದ್ದು ಸುಳ್ಳಲ್ಲ. ಅನ್ನದ ವಿಷಯದಲ್ಲಿ ತಪ್ಪು ನಿಮ್ಮದಲ್ಲ. 10,000 ಅಡಿಯಲ್ಲಿ ನೀರು 90 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಎಷ್ಟು ಕುದಿಸಿದರೂ ಬಿಸಿ ಅದಕ್ಕಿಂತ ಏರುವುದಿಲ್ಲ. ಅಕ್ಕಿ ಹೇಗೋ ಬೆಂದೀತು, ಬೇಳೆ ಅಂತೂ ಹಟ ಹಿಡಿಯುತ್ತದೆ. ಎರಡು ಲೀಟರಿನ ಪುಟ್ಟ ಕುಕ್ಕರ್ ಒಯ್ಯಿರಿ, ಒಂದೆರಡು ವಿಷಲ್ ಜಾಸ್ತಿ ಕೂಗಿಸಿ. ನಾನಂತೂ ಬೇಳೆ ಒಯ್ಯುವುದೇ ಇಲ್ಲ. ಅವಲಕ್ಕಿ, ಹುರಿದ ರವೆ, ಮನೆಯಲ್ಲೇ ಕಲಸಿದ ಪುಳಿಯೋಗರೆ ಗೊಜ್ಜು. ಹೊಳೆ ನೀರು ಎಷ್ಟೇ ತಿಳಿಯಾಗಿದ್ದರೂ ಹಾಗೇ ಕುಡಿಯಬೇಡಿ. ಜಿಯಾರ್ಡಿಯಾ ಅನ್ನುವ ಪರಾವಲಂಬಿ ಹೊಟ್ಟೆ ಕೆಡಿಸುತ್ತದೆ. 6,500 ಅಡಿಗಿಂತ ಮೇಲೆ ಮೂರು ನಿಮಿಷ ಚೆನ್ನಾಗಿ ಕುದಿಯಬೇಕು.

ಕೊಲೊರಾಡೊದಲ್ಲಿ ಇರುವುದು ಬ್ಲ್ಯಾಕ್ ಬೇರ್. ಮನುಷ್ಯರನ್ನು ಹುಡುಕಿಕೊಂಡು ಬರುವುದಿಲ್ಲ, ಊಟ ಹುಡುಕಿಕೊಂಡು ಬರುತ್ತದೆ. ಅದರ ಲೆಕ್ಕದಲ್ಲಿ ತುಪ್ಪ, ಚಟ್ನಿಪುಡಿ ಮಾತ್ರ ಊಟ ಅಲ್ಲ. ಟೂತ್‌ಪೇಸ್ಟ್, ಸೋಪು, ಲಿಪ್ ಬಾಮ್, ತೊಳೆಯದ ಪಾತ್ರೆ, ಮಗುವಿನ ಬಿಸ್ಕತ್ತಿನ ಚೂರು ಎಲ್ಲಾ ಊಟವೇ. ಟೆಂಟಿನೊಳಗೆ ಇವು ಯಾವುದೂ ಬೇಡ. ಬೇರ್ ಕ್ಯಾನಿಸ್ಟರ್ ಅಂತ ಗಟ್ಟಿ ಡಬ್ಬಿ ಸಿಗುತ್ತದೆ, ಅದರಲ್ಲಿ ತುಂಬಿ ಟೆಂಟಿನಿಂದ 200 ಅಡಿ ದೂರ ಇಡಿ. ಅದಿಲ್ಲದಿದ್ದರೆ ಕಾರಿನ ಡಿಕ್ಕಿಯಲ್ಲಿಟ್ಟು ಗಾಜು ಏರಿಸಿ ಲಾಕ್ ಮಾಡಿ. ಲಾಕ್ ಮಾಡುವುದು ಯಾಕೆ ಅಂದರೆ ಇಲ್ಲಿನ ಕರಡಿಗಳಿಗೆ ಕಾರಿನ ಬಾಗಿಲ ಹಿಡಿ ಎಳೆದು ತೆಗೆಯುವುದು ಬರುತ್ತದೆ. ಸುಮ್ನೆ ಹೇಳುತ್ತಿಲ್ಲ. ಒಗ್ಗರಣೆ ಹಾಕಿದ ಬಟ್ಟೆಯಲ್ಲೇ ಮಲಗಬೇಡಿ, ಬದಲಾಯಿಸಿ.

ಪ್ರಶ್ನೆ: ನಮ್ಮ ಬಳಗದವರು ಮಕ್ಕಳು ಸೇರಿ 80 ಜನ. ಎಲ್ಲರೂ ಒಟ್ಟಿಗೆ ಹೋಗಬಹುದಾ? ಅಂತ್ಯಾಕ್ಷರಿಗೆ ಸ್ಪೀಕರ್ ಇದೆ. – ಬಳಗದ ಪರವಾಗಿ

75 ಅಥವಾ ಅದಕ್ಕಿಂತ ಹೆಚ್ಚು ಜನ ಆದರೆ ಗ್ರೂಪ್ ಪರ್ಮಿಟ್ ಬೇಕು. ಲಾಭಕ್ಕಲ್ಲದ ಕೂಟವಾದರೆ ಅದಕ್ಕೆ ದುಡ್ಡಿಲ್ಲ, ಆದರೆ ಅರ್ಜಿ ಮುಂಚೆಯೇ ಹಾಕಬೇಕು. 70 ಜನ ಅಂತ ತೋರಿಸಿ ಹತ್ತು ಜನರನ್ನು ಹಿಂದೆ ಕಳಿಸುವ ಐಡಿಯಾ ನಿಮಗೆ ಹೊಳೆಯುವ ಮೊದಲೇ ಹೇಳುತ್ತೇನೆ, 80 ಜನಕ್ಕೆ ಎಷ್ಟು ಗುಂಡಿ ಬೇಕು ಲೆಕ್ಕ ಹಾಕಿ. ಊರಿನ ಪಾರ್ಕಿನಲ್ಲಿ ಶೆಲ್ಟರ್ ಬುಕ್ ಮಾಡಿ. ಸ್ಪೀಕರ್ ಅಲ್ಲೂ ಬೇಡ.

ಪ್ರಶ್ನೆ: ರಾತ್ರಿ ಬೆಂಕಿ ಹಾಕದಿದ್ದರೆ ಕ್ಯಾಂಪಿಂಗ್ ಅನ್ನಿಸುವುದೇ ಇಲ್ಲ. ಫೈರ್ ಬ್ಯಾನ್ ಇದ್ದಾಗ ಸಣ್ಣದಾಗಿ ಹಚ್ಚಿದರೆ ಯಾರಿಗೆ ಗೊತ್ತಾಗುತ್ತದೆ? – ವಿದ್ಯಾರ್ಥಿ, ಬೌಲ್ಡರ್

ಹೊಗೆ ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಸಿಕ್ಕಿಬಿದ್ದರೆ 5,000 ಡಾಲರ್ ತನಕ ದಂಡ, ಆರು ತಿಂಗಳ ತನಕ ಜೈಲು ಆಗಬಹುದು. ನೀವು ಸ್ಟೂಡೆಂಟ್ ವೀಸಾದಲ್ಲಿ ಇದ್ದರೆ ಇನ್ನೊಮ್ಮೆ ಓದಿಕೊಳ್ಳಿ.

ಬೆಂಕಿ ನಿಷೇಧವನ್ನು ಹಂತ ಹಂತವಾಗಿ ಹಾಕುತ್ತಾರೆ. ಸ್ಟೇಜ್ 1 ಅಂದರೆ ಕ್ಯಾಂಪ್‌ಗ್ರೌಂಡಿನಲ್ಲಿ ಅವರೇ ಹಾಕಿಸಿದ ಕಬ್ಬಿಣದ ಒಲೆಯಲ್ಲಿ ಮಾತ್ರ ಬೆಂಕಿ. ಡಿಸ್ಪರ್ಸ್ಡ್ ಸೈಟಿನಲ್ಲಿ ಕಲ್ಲು ಜೋಡಿಸಿ ಹಾಕುವಂತಿಲ್ಲ. ಸ್ಟೇಜ್ 2 ಅಂದರೆ ಎಲ್ಲೂ ಇಲ್ಲ. ತಿರುಗಿಸಿ ಆರಿಸುವ ಗ್ಯಾಸ್ ಸ್ಟವ್‌ಗೆ ಸಾಮಾನ್ಯವಾಗಿ ಎರಡರಲ್ಲೂ ಅಡ್ಡಿ ಇಲ್ಲ, ಕಾಫಿ ತಪ್ಪುವುದಿಲ್ಲ.

2002ರಲ್ಲಿ ಪೈಕ್ ನ್ಯಾಷನಲ್ ಫಾರೆಸ್ಟ್‌ನಲ್ಲಿ ಹೇಮನ್ ಬೆಂಕಿ ಎದ್ದಿತು. ಆಗಲೂ ಬೆಂಕಿಗೆ ನಿಷೇಧ ಇತ್ತು. ಹಚ್ಚಿದ್ದು ಫಾರೆಸ್ಟ್ ಸರ್ವಿಸ್‌ನ ಉದ್ಯೋಗಿಯೇ. ಸುಮಾರು 1,38,000 ಎಕರೆ ಸುಟ್ಟಿತು, ನೂರಕ್ಕೂ ಹೆಚ್ಚು ಮನೆ ಹೋದವು. ಕಾಡು ಬಲ್ಲವರ ಕೈಯಿಂದಲೇ ಹಾಗಾಯಿತು. 2020ರ ಕ್ಯಾಮರಾನ್ ಪೀಕ್ ಬೆಂಕಿಯಂತೂ ಎರಡು ಲಕ್ಷ ಎಕರೆ ದಾಟಿತು.

ನಿಷೇಧ ಇಲ್ಲದ ದಿನ ಹಚ್ಚಿ, ಬೇಡ ಅನ್ನುವುದಿಲ್ಲ. ಹಳೆಯ ಕಲ್ಲಿನ ವೃತ್ತದಲ್ಲೇ ಹಚ್ಚಿ, ಚಿಕ್ಕದಾಗಿರಲಿ. ಬಿದ್ದ ಒಣ ಕಡ್ಡಿ ಆರಿಸಿ, ನಿಂತ ಮರ ಕಡಿಯಬೇಡಿ. ಆರಿಸುವಾಗ ಮಣ್ಣು ಮುಚ್ಚಿ ಎದ್ದು ಹೋಗಬೇಡಿ, ಒಳಗೆ ಕೆಂಡ ಹಾಗೇ ಇರುತ್ತದೆ. ನೀರು ಸುರಿದು ಕೋಲಿನಿಂದ ಕಲಕಿ, ಮತ್ತೆ ಸುರಿದು ಕಲಕಿ. ಕೊನೆಗೆ ಅಂಗೈ ಹಿಂಭಾಗ ಬೂದಿಯ ಹತ್ತಿರ ಹಿಡಿದು ನೋಡಿ. ಸ್ವಲ್ಪ ಬೆಚ್ಚಗಿದ್ದರೂ ಇನ್ನೊಂದು ಕ್ಯಾನ್ ನೀರು ಬೇಕು. ಆ ನೀರನ್ನೂ ನೀವೇ ಹೊತ್ತು ತಂದಿರಬೇಕು, ಆದ್ದರಿಂದ ಲೆಕ್ಕ ಹಾಕುವಾಗ ಕುಡಿಯುವ ನೀರಿನ ಜೊತೆ ಅದನ್ನೂ ಸೇರಿಸಿಕೊಳ್ಳಿ.